ಠಸ್ಸೆಗಾಗಿ ಗಡಿಯಾಚೆ: ಥಾಯ್ಲೆಂಡಿನಲ್ಲಿರುವ ಕನ್ನಡಿಗರಿಗೆ ಬಾರ್ಡರ್ ರನ್ ಮಾರ್ಗದರ್ಶಿ

ನನ್ನ ಮನೆಯ ಫ್ರಿಜ್ ಬಾಗಿಲಿಗೆ ಒಂದು ಹಳದಿ ಚೀಟಿ ಅಂಟಿಸಿದ್ದೇನೆ. ಅದರಲ್ಲಿರುವುದು ಒಂದೇ ಒಂದು ತಾರೀಕು. ಆ ದಿನ ಮುಗಿಯುವುದರೊಳಗೆ ನಾನು ಥಾಯ್ಲೆಂಡಿನಿಂದ ಹೊರಗೆ ಕಾಲಿಟ್ಟಿರಬೇಕು. ಚಿಯಾಂಗ್ ಮಾಯ್‌ನಲ್ಲಿ ಕುಳಿತು ದೂರದ ಕಂಪನಿಗೆ ಕೆಲಸ ಮಾಡುವ ನನ್ನಂಥವರಿಗೆ ಇದು ಆರು ತಿಂಗಳಿಗೊಮ್ಮೆ ಬರುವ ಸಂಕ್ರಮಣ. ಪುತ್ತೂರಿನಿಂದ ಫೋನ್ ಮಾಡುವ ಅಮ್ಮ ಪ್ರತಿ ಸಲವೂ ಕೇಳುತ್ತಾರೆ: “ಐದು ವರ್ಷದ ವೀಸಾ ಉಂಟು ಎಂದಿದ್ದೆಯಲ್ಲ, ಮತ್ತೆ ಯಾಕೆ ಗಡಿಗೆ ಓಡುವುದು?”

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬಾರ್ಡರ್ ರನ್ ಎಂದು, ಅಂದರೆ ಗಡಿ ದಾಟಿ ಹೊಸ ಠಸ್ಸೆ ಹಾಕಿಸಿಕೊಂಡು ಮರಳಲು ಹೊರಟು, ತೊಂದರೆಗೆ ಸಿಕ್ಕಿದ ಬಹಳಷ್ಟು ಮಂದಿಗೆ ದಾರಿಯೇನೂ ತಪ್ಪಿರುವುದಿಲ್ಲ, ಯಾವ ತಾರೀಕಿಗಾಗಿ ಓಡುತ್ತಿದ್ದೇವೆ ಎಂಬುದೇ ತಪ್ಪಿರುತ್ತದೆ.

ಮೊದಲು ತಾರೀಕುಗಳನ್ನು ಬಿಡಿಸಿಕೊಳ್ಳಿ

ವೀಸಾ ಎಂದರೆ ಕರೆಯೋಲೆ. ಇಂಥ ದಿನದೊಳಗೆ ಬಾಗಿಲಿಗೆ ಬರಬಹುದು ಎಂದಷ್ಟೇ ಅದು ಹೇಳುತ್ತದೆ. ಒಳಗೆ ಬಂದ ಮೇಲೆ ಎಷ್ಟು ದಿನ ಉಳಿಯಬಹುದು ಎಂಬುದನ್ನು ನಿರ್ಧರಿಸುವುದು ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟಿನಲ್ಲಿ ಒತ್ತುವ ಠಸ್ಸೆ. ನನ್ನ ಬಳಿ ಇರುವುದು ‘ಡಿಟಿವಿ’ ಎಂದು ಕರೆಯುವ ವೀಸಾ. 2024ರ ಜುಲೈನಲ್ಲಿ ಥಾಯ್ಲೆಂಡ್ ಆರಂಭಿಸಿದ್ದು. ಹೊರದೇಶದ ಕಂಪನಿಗಳಿಗೆ ಇಲ್ಲಿ ಕುಳಿತು ಕೆಲಸ ಮಾಡುವವರು, ಥಾಯ್ ಬಾಕ್ಸಿಂಗ್ ಅಥವಾ ಅಡುಗೆ ಕಲಿಯಲು ಬರುವವರು ಇದಕ್ಕೆ ಅರ್ಜಿ ಹಾಕಬಹುದು. ಐದು ಲಕ್ಷ ಬಾತ್ ಹಣ ಇರುವುದಕ್ಕೆ ದಾಖಲೆ ತೋರಿಸಬೇಕು. (ಬಾತ್ ಎಂದರೆ ಇಲ್ಲಿ ದುಡ್ಡು. ವಾಂಗಿಬಾತ್ ನೆನಪಾಗುವುದು ಮೊದಲ ಒಂದು ತಿಂಗಳು ಮಾತ್ರ.) ವೀಸಾದ ಆಯುಷ್ಯ ಐದು ವರ್ಷ, ಆದರೆ ಪ್ರತಿ ಪ್ರವೇಶಕ್ಕೆ ಸಿಗುವುದು 180 ದಿನ. ಐದು ವರ್ಷದ ಕಾಗದ ಕೈಯಲ್ಲಿದೆ ಎಂದು ಹಾಯಾಗಿ ಕುಳಿತರೆ 181ನೆಯ ದಿನದಿಂದ ನೀವು ಅಕ್ರಮ ವಾಸಿ.

ದಿನ ಎಣಿಸುವುದರಲ್ಲೂ ಒಂದು ತೊಡಕಿದೆ. ಬಂದಿಳಿದ ದಿನವೇ ಮೊದಲನೆಯ ದಿನ. ಜನವರಿ 1ರಂದು 60 ದಿನದ ಠಸ್ಸೆ ಬಿದ್ದರೆ, ಅಧಿಕ ವರ್ಷವಲ್ಲದಿದ್ದಾಗ, ಕೊನೆಯ ದಿನ ಮಾರ್ಚ್ 1. ಎರಡು ತಿಂಗಳು ಎಂದು ಬೆರಳು ಮಡಚಿ ಎಣಿಸಬೇಡಿ, ಠಸ್ಸೆಯಲ್ಲಿ ಅಚ್ಚಾದ ತಾರೀಕನ್ನೇ ಬರೆದಿಟ್ಟುಕೊಳ್ಳಿ. ರಸೀದಿಗಳ ಮೇಲೆ 2568, 2569 ಎಂಬ ಇಸವಿಗಳು ಕಂಡರೆ ಗಾಬರಿ ಬೇಡ. ಅದು ಬೌದ್ಧ ಶಕೆ, 543 ಕಳೆದರೆ ನಮ್ಮ ಕ್ಯಾಲೆಂಡರಿನ ವರ್ಷ ಸಿಗುತ್ತದೆ.

ಇನ್ನೊಂದು ವರ್ಗದವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಇಮಿಗ್ರೇಷನ್ ಕಚೇರಿಗೆ ಹೋಗಬೇಕು. ಕಂಪನಿ ಕೆಲಸ, ಮದುವೆ, ಓದು ಇಂಥ ಕಾರಣಕ್ಕೆ ಒಂದು ವರ್ಷದ ವಾಸ್ತವ್ಯ ವಿಸ್ತರಣೆ ಪಡೆದವರು ‘ರೀ-ಎಂಟ್ರಿ ಪರ್ಮಿಟ್’ ಇಲ್ಲದೆ ಗಡಿ ದಾಟಿದರೆ ಆ ವಿಸ್ತರಣೆ ಅಲ್ಲೇ ರದ್ದಾಗುತ್ತದೆ. ಒಂದು ಸಲದ ಪರ್ಮಿಟ್‌ಗೆ 1,000 ಬಾತ್, ಅನೇಕ ಸಲದ್ದಕ್ಕೆ 3,800. ವಾರಾಂತ್ಯಕ್ಕೆ ಮಲೇಷ್ಯಾದ ಪೆನಾಂಗ್ ನೋಡಿ ಬರೋಣ ಎಂದು ಹೊರಟು, ಸಾವಿರ ಬಾತಿನ ಕಾಗದ ಮರೆತು, ವರ್ಷದ ಅನುಮತಿಯನ್ನು ಕಳೆದುಕೊಂಡು ಬಂದ ದಂಪತಿಯೊಬ್ಬರು ನನಗೆ ಗೊತ್ತು. ಆ ಕಾಗದಗಳನ್ನೆಲ್ಲ ಮತ್ತೆ ಮೊದಲಿನಿಂದ ಜೋಡಿಸಲು ಅವರಿಗೆ ಮೂರು ತಿಂಗಳು ಹಿಡಿಯಿತು.

ಪಾಸ್‌ಪೋರ್ಟಿನದು ಮತ್ತೊಂದು ತಾರೀಕು. ಗಡಿ ದಾಟುವ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಖಾಲಿ ಪುಟಗಳನ್ನೂ ಎಣಿಸಿ. ಲಾವೋಸಿನ ವೀಸಾ ಸ್ಟಿಕ್ಕರ್ ಒಂದೇ ಇಡೀ ಪುಟವನ್ನು ತಿನ್ನುತ್ತದೆ. ಪದೇ ಪದೇ ಓಡಾಡುವವರು ನವೀಕರಣದ ಸಮಯದಲ್ಲಿ 36 ಪುಟದ ಬದಲು 60 ಪುಟದ ಪುಸ್ತಕವನ್ನೇ ಕೇಳಿ ಪಡೆಯುವುದು ಲೇಸು.

ನಿಜವಾಗಿಯೂ ಓಡಬೇಕೇ?

ವೀಸಾ ಇಲ್ಲದೆ, ಅಂದರೆ ವೀಸಾ ವಿನಾಯಿತಿಯಲ್ಲಿ ಬಂದ ಭಾರತೀಯರ ಲೆಕ್ಕವೇ ಬೇರೆ. 2023ರವರೆಗೆ ನಮಗೆ 2,000 ಬಾತ್ ಕಟ್ಟಿದರೆ ವಿಮಾನ ನಿಲ್ದಾಣದಲ್ಲಿ 15 ದಿನದ ವೀಸಾ ಸಿಗುತ್ತಿತ್ತು. ಆ ವರ್ಷ ನವೆಂಬರ್ 10ರಿಂದ 30 ದಿನ ಉಚಿತವಾಯಿತು. 2024ರ ಜುಲೈ 15ರಿಂದ ಅದು 60 ದಿನವಾಯಿತು. ಒಂದು ವರ್ಷ ತುಂಬುವ ಮೊದಲೇ ಮೂರು ನಿಯಮ ಕಂಡ ಮೇಲೆ ನಾನು ಯಾವ ನಿಯಮವನ್ನೂ ಶಾಶ್ವತ ಎಂದುಕೊಂಡಿಲ್ಲ. ಹೊರಡುವ ವಾರದಲ್ಲಿ ಥಾಯ್ ರಾಯಭಾರ ಕಚೇರಿಯ ಜಾಲತಾಣವನ್ನು ಓದಿ. ಹೋದ ವರ್ಷ ಹೋಗಿ ಬಂದ ಗೆಳೆಯನ ಮಾತು ಹೋದ ವರ್ಷದ್ದು.

ವಿನಾಯಿತಿಯಲ್ಲಿ ಬಂದವರಿಗೆ ಇನ್ನೊಂದಿಷ್ಟು ದಿನ ಬೇಕೆಂದರೆ ಗಡಿಗೆ ಓಡಬೇಕಾಗಿಲ್ಲ. ಊರಿನ ಇಮಿಗ್ರೇಷನ್ ಕಚೇರಿಯಲ್ಲೇ 1,900 ಬಾತ್ ಕಟ್ಟಿ ವಿಸ್ತರಣೆ ಕೇಳಬಹುದು. ಟಿಎಂ 7 ಎಂಬ ಅರ್ಜಿ, ಒಂದು ಫೋಟೊ, ಪಾಸ್‌ಪೋರ್ಟಿನ ನಕಲು, ಮನೆ ಮಾಲೀಕರು ನಿಮ್ಮ ವಿಳಾಸ ದಾಖಲಿಸಿದ ಟಿಎಂ 30 ರಸೀದಿ ಇದ್ದರೆ ಆಯಿತು. ಪ್ರತಿ ನಕಲಿನ ಮೇಲೂ ನೀಲಿ ಶಾಯಿಯಲ್ಲಿ ಸಹಿ ಹಾಕಿ. ಸಹಿಯಿಲ್ಲದ ಒಂದು ಹಾಳೆಗಾಗಿ ಸರದಿಯ ಹಿಂಬದಿಗೆ ಹೋದವರನ್ನು ನಾನು ಕಂಡಿದ್ದೇನೆ. ರೈಲು, ಬಸ್ಸು, ಹೋಟೆಲ್ ಖರ್ಚನ್ನು ಕೂಡಿಸಿ ನೋಡಿದರೆ 1,900 ಬಾತ್ ಎಷ್ಟೋ ಅಗ್ಗ.

ವಿನಾಯಿತಿಯ ಮೇಲೆ ನೆಲದ ಗಡಿಯಿಂದ ಒಳಬರಲು ಒಂದು ಕ್ಯಾಲೆಂಡರ್ ವರ್ಷದಲ್ಲಿ ಎರಡೇ ಅವಕಾಶ. ವಿಮಾನದಲ್ಲಿ ಬಂದರೆ ಇಂಥ ಲೆಕ್ಕ ಇಲ್ಲ ಎಂದು ಬಹಳ ಮಂದಿ ಅದನ್ನೇ ದಾರಿ ಮಾಡಿಕೊಂಡಿದ್ದರು. 2025ರ ನವೆಂಬರ್‌ನಲ್ಲಿ ಥಾಯ್ ಇಮಿಗ್ರೇಷನ್ ಅದಕ್ಕೂ ಕಡಿವಾಣ ಹಾಕಿತು: ಸರಿಯಾದ ಕಾರಣವಿಲ್ಲದೆ ಎರಡು ಸಲಕ್ಕಿಂತ ಹೆಚ್ಚು ಹೀಗೆ ಹೊರಹೋಗಿ ಒಳಬಂದವರಿಗೆ ಪ್ರವೇಶ ನಿರಾಕರಿಸುವುದಾಗಿ ಪ್ರಕಟಿಸಿತು. ನನ್ನ ಅಭಿಪ್ರಾಯ ಕೇಳಿದರೆ ಇದರಲ್ಲಿ ಗೊಣಗುವಂಥದ್ದು ಏನೂ ಇಲ್ಲ. ಪ್ರವಾಸಿಯೆಂದು ಹೇಳಿಕೊಂಡು ಮೂರು ವರ್ಷ ಮನೆ ಮಾಡಿಕೊಂಡಿದ್ದವರ ಪಾಸ್‌ಪೋರ್ಟ್ ನಮ್ಮ ಕೈಗೆ ಬಂದರೂ ನಾವು ಕೇಳುವ ಪ್ರಶ್ನೆ ಅದೇ. ಇಲ್ಲೇ ನೆಲೆಸುವ ಯೋಚನೆಯಿದ್ದರೆ ತಕ್ಕ ವೀಸಾ ಮಾಡಿಸಿ. ಮರಳಿ ಬರುವ ಹಕ್ಕು ಆಗಲೇ ಕೈಯಲ್ಲಿರುವವರಿಗೆ, ಅಂದರೆ ಬಹುಪ್ರವೇಶ ವೀಸಾ ಇದ್ದು ವಾಸ್ತವ್ಯದ ದಿನಗಳು ಮಾತ್ರ ಮುಗಿಯುತ್ತಿರುವವರಿಗೆ, ಬಾರ್ಡರ್ ರನ್ ನಿಶ್ಚಿಂತೆಯ ಕೆಲಸ. ಮುಂದಿನ ಮಾತುಗಳು ಹೆಚ್ಚಾಗಿ ಅವರಿಗೇ.

ಯಾವ ಗಡಿ?

ಹಳೆಯ ಬರಹಗಳಲ್ಲಿ ಮೊದಲು ಸಿಗುವುದು ಕಾಂಬೋಡಿಯಾದ ಪಾಯ್‌ಪೆಟ್. ಬ್ಯಾಂಕಾಕಿನಿಂದ ಬೆಳಿಗ್ಗೆ ವ್ಯಾನ್ ಹತ್ತಿ ಸಂಜೆಗೆ ಮನೆ ಸೇರುವ ಆ ಕಾಲ ಹೋಯಿತು. 2025ರ ಜುಲೈನಲ್ಲಿ ಎರಡೂ ದೇಶಗಳ ಸೇನೆಗಳು ಐದು ದಿನ ಕಾದಾಡಿದವು, ಡಿಸೆಂಬರಿನಲ್ಲಿ ಮತ್ತೆ ಗುಂಡು ಹಾರಿತು, ಗಡಿ ಠಾಣೆಗಳು ಮುಚ್ಚಿದವು. ಆ ದಿಕ್ಕನ್ನು ಮರೆತುಬಿಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಲೀಸಾಗಿ ಉಳಿಯುವುದು ಮಲೇಷ್ಯಾ, ಲಾವೋಸ್, ಮತ್ತು ನಮ್ಮದೇ ಊರು.

ಮೂರರಲ್ಲಿ ನನಗೆ ಇಷ್ಟವಾದದ್ದು ಮಲೇಷ್ಯಾ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಅಲ್ಲಿ 30 ದಿನ ವೀಸಾ ಬೇಕಿಲ್ಲ. 2026ರ ಡಿಸೆಂಬರ್ 31ರವರೆಗೆ ಈ ಸೌಲಭ್ಯ ವಿಸ್ತರಣೆಯಾಗಿದೆ. ಬ್ಯಾಂಕಾಕಿನಿಂದ ಮಧ್ಯಾಹ್ನದ ನಂತರ ಹೊರಡುವ ರಾತ್ರಿ ರೈಲು ಮರುದಿನ ಬೆಳಿಗ್ಗೆ ಹಾಟ್ ಯಾಯ್ ದಾಟಿ ಪಾದಾಂಗ್ ಬೆಸಾರ್ ತಲುಪುತ್ತದೆ. ಈ ನಿಲ್ದಾಣ ಮಲೇಷ್ಯಾದ ನೆಲದಲ್ಲಿದೆ. ಎರಡೂ ದೇಶದ ಇಮಿಗ್ರೇಷನ್ ಕೌಂಟರ್‌ಗಳು ಒಂದೇ ಸೂರಿನಡಿ ಇವೆ. ರೈಲಿನಿಂದ ಇಳಿದು ಥಾಯ್ ಕೌಂಟರಿನಲ್ಲಿ ನಿರ್ಗಮನದ ಠಸ್ಸೆ, ನಾಲ್ಕು ಹೆಜ್ಜೆ ಹಾಕಿದರೆ ಮಲೇಷ್ಯಾದ ಪ್ರವೇಶ. ಒಂದು ದೇಶ ಬಿಟ್ಟು ಇನ್ನೊಂದು ದೇಶ ಸೇರಲು ತೆಗೆದುಕೊಂಡ ಸಮಯಕ್ಕಿಂತ ಹೆಚ್ಚು ಹೊತ್ತು ನಾನು ಅಲ್ಲಿ ಚಹಾಕ್ಕಾಗಿ ಕಾದಿದ್ದೇನೆ.

ಒಂದು ವಿಷಯವನ್ನು ಮಾತ್ರ ಅಂಗೈ ಮೇಲೆ ಬರೆದುಕೊಳ್ಳಿ. ಮಲೇಷ್ಯಾದ ಗಡಿಯಾರ ಥಾಯ್ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಒಂದೇ ಕಟ್ಟಡದೊಳಗೆ ಸಮಯ ಬದಲಾಗುತ್ತದೆ. ಗಡಿಯಲ್ಲಿ ಮೊಬೈಲ್ ಎರಡೂ ಕಡೆಯ ಸಿಗ್ನಲ್ ಹಿಡಿಯುತ್ತಾ ಬೇಕಾದಾಗ ಒಂಬತ್ತು, ಬೇಡವಾದಾಗ ಹತ್ತು ತೋರಿಸುತ್ತದೆ. ಮೊದಲ ಸಲ ನಾನು ಮುಂದಿನ ರೈಲನ್ನು ತಪ್ಪಿಸಿಕೊಂಡದ್ದು ಹೀಗೆಯೇ. ಈಗ ಅಪ್ಪ ಕೊಟ್ಟ ಹಳೆಯ ಕೈಗಡಿಯಾರವನ್ನು ಕಟ್ಟಿಕೊಂಡು ಹೋಗುತ್ತೇನೆ. ಅದು ಯಾವ ದೇಶದ ಮಾತನ್ನೂ ಕೇಳುವುದಿಲ್ಲ.

ಪಾದಾಂಗ್ ಬೆಸಾರಿನಿಂದಲೇ ತಿರುಗಿ ಅದೇ ದಿನ ಥಾಯ್ಲೆಂಡಿಗೆ ಬರುವ ಆಸೆ ಬೇಡ. ಒಳಬಂದ ಗಂಟೆಯೊಳಗೆ ಹೊರಹೋಗುವವನನ್ನು ಎರಡೂ ಕಡೆಯವರು ಹುಬ್ಬೇರಿಸಿ ನೋಡುತ್ತಾರೆ. ಕೊಮ್ಯೂಟರ್ ರೈಲಿನಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಬಟರ್‌ವರ್ತ್ ಸಿಗುತ್ತದೆ, ಅಲ್ಲಿಂದ ದೋಣಿ ಹತ್ತಿದರೆ ಪೆನಾಂಗ್ ದ್ವೀಪದ ಜಾರ್ಜ್ ಟೌನ್. 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಊರು. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಲಿಟ್ಲ್ ಇಂಡಿಯಾ ಬೀದಿಯಲ್ಲಿ ಬಾಳೆಲೆಯ ಊಟ ಸಿಗುತ್ತದೆ. ಆರು ತಿಂಗಳು ಜಾಸ್ಮಿನ್ ಅಕ್ಕಿಯ ಅಂಟು ಅನ್ನ ತಿಂದ ನಾಲಿಗೆಗೆ ಆ ಸಾರಿನ ಒಗ್ಗರಣೆ ತಾಗಿದಾಗ, ಠಸ್ಸೆ ಬರೀ ನೆಪ ಅನ್ನಿಸಿಬಿಡುತ್ತದೆ. ಎರಡು ರಾತ್ರಿ ಉಳಿದು ಬನ್ನಿ.

ಈ ದಾರಿಗೆ ಎರಡು ಎಚ್ಚರಿಕೆ. ನಮ್ಮಲ್ಲಿ ಮಳೆ ಬಿಟ್ಟ ಮೇಲೆ ಅಲ್ಲಿ ಹಿಡಿಯುತ್ತದೆ: ನವೆಂಬರ್, ಡಿಸೆಂಬರ್ ದಕ್ಷಿಣ ಥಾಯ್ಲೆಂಡಿನ ಮಳೆಗಾಲ. 2025ರ ನವೆಂಬರ್‌ನಲ್ಲಿ ಹಾಟ್ ಯಾಯ್ ನಗರವೇ ಮುಳುಗಿತ್ತು. ನಿಮ್ಮ ತಾರೀಕು ಆ ತಿಂಗಳುಗಳಲ್ಲಿ ಬಿದ್ದರೆ ವಿಮಾನದಲ್ಲಿ ಕ್ವಾಲಾಲಂಪುರಕ್ಕೆ ಹೋಗಿ. ಇನ್ನೊಂದು, ಪಟ್ಟಾನಿ, ಯಾಲಾ, ನರಾಥಿವಾಟ್ ಪ್ರಾಂತ್ಯಗಳಲ್ಲಿ ವರ್ಷಗಳಿಂದ ಪ್ರತ್ಯೇಕತಾವಾದಿ ಹಿಂಸೆ ನಡೆಯುತ್ತಿದೆ. ಅಗ್ಗದ ಬಸ್ ಸಿಕ್ಕಿತೆಂದು ಆ ಕಡೆಯ ಗಡಿ ಹಿಡಿಯಬೇಡಿ.

ಲಾವೋಸಿಗೆ ವೀಸಾ ಬೇಕು, ಆದರೆ ಗಡಿಯಲ್ಲೇ ಕೊಡುತ್ತಾರೆ. ಬ್ಯಾಂಕಾಕಿನವರಿಗೆ ನೋಂಗ್ ಖಾಯ್ ದಾರಿ: ರಾತ್ರಿ ರೈಲು, ಬೆಳಿಗ್ಗೆ ಮೆಕಾಂಗ್ ನದಿ, ನದಿಯ ಮೇಲೆ 1994ರಲ್ಲಿ ಆಸ್ಟ್ರೇಲಿಯಾದ ಹಣದಲ್ಲಿ ಕಟ್ಟಿದ ಸ್ನೇಹ ಸೇತುವೆ. ಸೇತುವೆಯ ಮೇಲೆ ನಡೆದು ಹೋಗಲು ಬಿಡುವುದಿಲ್ಲ, ಶಟಲ್ ಬಸ್ ಇದೆ. ಥಾಯ್ಲೆಂಡಿನಲ್ಲಿ ನಮ್ಮಂತೆ ಎಡಗಡೆ ಓಡುವ ವಾಹನಗಳು ಆಚೆ ತುದಿಯಲ್ಲಿ ಬಲಕ್ಕೆ ಹೊರಳುತ್ತವೆ; ರಸ್ತೆ ದಾಟುವಾಗ ತಲೆ ಎರಡೂ ಕಡೆ ತಿರುಗಲಿ. ವೀಸಾಕ್ಕೆ ಒಂದು ಫೋಟೊ, ಮತ್ತು ಮಡಿಕೆಯಿಲ್ಲದ ಡಾಲರ್ ನೋಟುಗಳು. ಬಾತ್‌ನಲ್ಲಿ ಕಟ್ಟಿದರೆ ದರ ಮೇಲಕ್ಕೆ ಹೋಗುತ್ತದೆ. ಚಿಯಾಂಗ್ ಮಾಯ್‌ನವರಿಗೆ ಹತ್ತಿರವಾದದ್ದು ಚಿಯಾಂಗ್ ಖೋಂಗ್, 2013ರಲ್ಲಿ ತೆರೆದ ನಾಲ್ಕನೆಯ ಸ್ನೇಹ ಸೇತುವೆ. ಆಚೆಗಿರುವ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡು ದಿನದ ನಿಧಾನ ದೋಣಿ ಹೊರಡುತ್ತದೆ. ರಜೆಯಿದ್ದರೆ ಅದಕ್ಕಿಂತ ಒಳ್ಳೆಯ ಬಾರ್ಡರ್ ರನ್ ಇಲ್ಲ.

ಮೂರನೆಯದು ಬೆಂಗಳೂರು. ಬ್ಯಾಂಕಾಕಿನಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗಿನ ಪ್ರಯಾಣ. ವೀಸಾ ಬೇಡ, ಹೋಟೆಲ್ ಬೇಡ. ನನ್ನ 180 ದಿನಗಳನ್ನು ನಾನು ಈಗ ಏಪ್ರಿಲ್ ಎರಡನೆಯ ವಾರಕ್ಕೆ ಮುಗಿಯುವಂತೆ ಹೊಂದಿಸಿಕೊಂಡಿದ್ದೇನೆ. ಇಲ್ಲಿ ಏಪ್ರಿಲ್ 13ರಿಂದ 15ರವರೆಗೆ ನೀರೆರಚುವ ಹಬ್ಬ ಸೋಂಗ್‌ಕ್ರಾನ್. ಕಚೇರಿಗಳು ಮುಚ್ಚಿರುತ್ತವೆ, ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೀದಿಯಲ್ಲಿ ಪಾಸ್‌ಪೋರ್ಟ್ ಹಿಡಿದು ನಡೆದರೆ ಪಿಚಕಾರಿಯ ನೀರು ಅದಕ್ಕೂ ಬೀಳುತ್ತದೆ. ಅದೇ ವಾರ ನಮ್ಮ ಕಡೆ ಬಿಸು. ಎರಡೂ ಸೌರಮಾನದ ಹೊಸ ವರ್ಷವೇ ಆದ್ದರಿಂದ ಕಣಿ ನೋಡುವ ದಿನಕ್ಕೆ ಮನೆಯಲ್ಲಿರಬಹುದು. ಆದರೆ ಟಿಕೆಟ್ಟನ್ನು ಫೆಬ್ರವರಿಯಲ್ಲೇ ಮಾಡಿಸಿ.

ಚೀಲಕ್ಕೆ ಏನೇನು

ವೀಸಾದ ಮುದ್ರಿತ ಪ್ರತಿ ಮೊದಲು. 2025ರ ಜನವರಿಯಿಂದ ಥಾಯ್ ವೀಸಾಗಳೆಲ್ಲ ಇ-ವೀಸಾ ಆಗಿವೆ, ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಇರುವುದಿಲ್ಲ. ಮೊಬೈಲಿನಲ್ಲಿ ಇದೆ ಎಂಬ ಧೈರ್ಯ ಗಡಿಯ ಸರದಿಯಲ್ಲಿ ಚಾರ್ಜ್ ಮುಗಿಯುವವರೆಗೆ ಮಾತ್ರ. ಮನೆ ಬಾಡಿಗೆಯ ಕರಾರು, ಉದ್ಯೋಗ ಪತ್ರ, ಮೂರು ತಿಂಗಳ ಬ್ಯಾಂಕ್ ವಿವರ, ಮುಂದಿನ ಪ್ರಯಾಣದ ಟಿಕೆಟ್, ನಾಲ್ಕು ಫೋಟೊ. 20,000 ಬಾತ್ ನಗದು ಬೇರೆಯಾಗಿ ಒಂದು ಲಕೋಟೆಯಲ್ಲಿರಲಿ. ಅಧಿಕಾರಿ ಕೇಳಿದರೆ ತೋರಿಸಬೇಕಾದದ್ದು ನೋಟು. ಕಾರ್ಡ್ ತೋರಿಸಿದರೆ ಒಪ್ಪದಿರಬಹುದು. ನಾನು ಆ ಲಕೋಟೆಯನ್ನು ಇವತ್ತಿನವರೆಗೆ ತೆರೆದಿಲ್ಲ, ಬಿಟ್ಟು ಹೋಗಿಯೂ ಇಲ್ಲ.

ಥಾಯ್ಲೆಂಡಿಗೆ ಮರಳುವವರು 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಟಿಡಿಎಸಿ ಎನ್ನುತ್ತಾರೆ. ಒಳಬರುವುದಕ್ಕೆ ಮೊದಲಿನ ಮೂರು ದಿನದೊಳಗೆ ತುಂಬಬೇಕು, ಹಣ ಕೊಡಬೇಕಾಗಿಲ್ಲ. ಹುಡುಕಿದಾಗ ಮೇಲೆ ಬರುವ ಕೆಲವು ತಾಣಗಳು ಇದಕ್ಕೇ ಡಾಲರ್ ವಸೂಲಿ ಮಾಡುತ್ತವೆ. ಸರ್ಕಾರದ ವಿಳಾಸ ‘ಗೋ ಡಾಟ್ ಟಿಎಚ್’ ಎಂದು ಮುಗಿಯುತ್ತದೆ, ಅದನ್ನೇ ನೋಡಿ. ಮಲೇಷ್ಯಾಕ್ಕೂ ಇಂಥದ್ದೇ ಪತ್ರವಿದೆ, ಅದಕ್ಕೂ ಮೂರು ದಿನದ ಗಡುವೇ. ಹಾಗಾಗಿ ಮರಳುವ ದಿನವೂ ಆ ಗಡುವಿನೊಳಗೇ ಬರುವಷ್ಟು ಚಿಕ್ಕ ಪ್ರವಾಸವಾದರೆ ಹೊರಡುವ ಹಿಂದಿನ ರಾತ್ರಿ ಎರಡನ್ನೂ ಒಟ್ಟಿಗೆ ತುಂಬಿ ಮುಗಿಸಬಹುದು.

ಚೀಲದಲ್ಲಿ ಇರಬಾರದ್ದೂ ಇದೆ. ಚಿಯಾಂಗ್ ಮಾಯ್‌ನ ಬೀದಿಗಳಲ್ಲಿ ಗಾಂಜಾ ಅಂಗಡಿಗಳು ಕಣ್ಣಿಗೆ ರೂಢಿಯಾಗಿಬಿಟ್ಟಿವೆ. ಗಾಂಜಾ ಬೆರೆಸಿದ ಒಂದು ಮಿಠಾಯಿ ಮಲೇಷ್ಯಾದ ಕೌಂಟರಿನಲ್ಲಿ ನಿಮ್ಮ ಚೀಲದಿಂದ ಹೊರಬಂದರೆ ಜೈಲು ಸೇರಬೇಕಾಗಬಹುದು. ಸಾಗಣೆಯ ಪ್ರಕರಣಕ್ಕೆ ಅಲ್ಲಿ ಮರಣದಂಡನೆಯೂ ಕಾನೂನಿನಲ್ಲಿದೆ. ರೈಲಿನಲ್ಲಿ ಪರಿಚಯವಾದವರ ಗಂಟನ್ನು ಹೊರಬೇಡಿ.

ಹೊರಡುವ ದಿನ

ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಮೂರು ದಿನ ಮೊದಲು ಹೊರಟರೆ ರೈಲು ತಡವಾಗಬಹುದು, ಜ್ವರ ಬರಬಹುದು, ಸೇತುವೆ ಮುಚ್ಚಬಹುದು, ನಿಮಗೇನೂ ಆಗುವುದಿಲ್ಲ. ತಾರೀಕು ದಾಟಿದರೆ ದಿನಕ್ಕೆ 500 ಬಾತ್ ದಂಡ, ಹೆಚ್ಚೆಂದರೆ 20,000. ದಂಡ ಕಟ್ಟಿ ಹೋಗುವುದಾದರೆ ಅದೇನು ಮಹಾ ಎನ್ನುವವರಿಗೆ ಇನ್ನೂ ಒಂದು ಮಾತು. ನೀವಾಗಿಯೇ ಹೊರಹೋಗುವಾಗ 90 ದಿನ ಮೀರಿದ್ದರೆ ಒಂದು ವರ್ಷ, ಒಂದು ವರ್ಷ ಮೀರಿದ್ದರೆ ಮೂರು ವರ್ಷ ಈ ದೇಶಕ್ಕೆ ಕಾಲಿಡುವಂತಿಲ್ಲ. ನೀವು ಹೊರಡುವ ಮೊದಲೇ ಪೊಲೀಸರು ಹಿಡಿದರೆ, ಮೀರಿದ್ದು ಒಂದೇ ದಿನವಾದರೂ, ಐದು ವರ್ಷದ ನಿಷೇಧ ಬೀಳಬಹುದು.

ಬೆಳಿಗ್ಗೆಯೇ ಗಡಿ ತಲುಪಿ. ಮಧ್ಯಾಹ್ನದ ಹೊತ್ತಿಗೆ ಪ್ರವಾಸಿ ಬಸ್ಸುಗಳು ಬಂದು ಸುರಿಯುತ್ತವೆ. ನಿರ್ಗಮನದ ಠಸ್ಸೆ ಬಿದ್ದಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಕೌಂಟರಿಗೆ ಹೋಗಿ. ಗದ್ದಲದಲ್ಲಿ ಅದು ತಪ್ಪಿಹೋದರೆ ನೀವು ದಾಖಲೆಯಲ್ಲಿ ಥಾಯ್ಲೆಂಡಿನೊಳಗೇ ಉಳಿದಿರುತ್ತೀರಿ.

“ನೀವು ಬರುವುದೇ ಬೇಡ, ಪಾಸ್‌ಪೋರ್ಟ್ ಕೊಡಿ, ಠಸ್ಸೆ ಹಾಕಿಸಿ ತರುತ್ತೇವೆ” ಎನ್ನುವ ಏಜೆಂಟರು ಸಿಗುತ್ತಾರೆ. ಅದು ಸೇವೆಯಲ್ಲ, ಅಪರಾಧ. ಸಿಕ್ಕಿಬಿದ್ದಾಗ ಪಾಸ್‌ಪೋರ್ಟಿನಲ್ಲಿರುವುದು ನಿಮ್ಮ ಹೆಸರು.

ಮರಳುವ ಕೌಂಟರಿನ ಎರಡು ನಿಮಿಷ

ಇಡೀ ಪ್ರಯಾಣ ಈ ಎರಡು ನಿಮಿಷಕ್ಕಾಗಿ. ಅಂಗಿ ಇಸ್ತ್ರಿಯಾಗಿರಲಿ, ರಾತ್ರಿ ರೈಲಿನ ಕೂದಲು ಬಾಚಿರಲಿ. ಮುಖ ನೋಡಿ ಮಣೆ ಹಾಕುವುದು ಎಲ್ಲ ದೇಶದಲ್ಲೂ ಇದೆ. “ಸವತ್ದೀ” ಎಂದು ಕೈಮುಗಿಯಿರಿ. ಆ ಪದ ನಮ್ಮ ‘ಸ್ವಸ್ತಿ’ಯಿಂದಲೇ ಬಂದದ್ದು, ನಾಲಿಗೆಗೆ ಕಷ್ಟವಾಗುವುದಿಲ್ಲ. ಪಾಸ್‌ಪೋರ್ಟಿನ ಜೊತೆ ವೀಸಾದ ಪ್ರತಿಯನ್ನು ಕೇಳುವ ಮೊದಲೇ ಕೊಡಿ. ಪ್ರಶ್ನೆ ಬಂದರೆ ಉತ್ತರ ಚಿಕ್ಕದಾಗಿ, ನಿಜವಾಗಿ ಇರಲಿ. ಎಲ್ಲಿ ಇರುತ್ತೀರಿ, ಏನು ಮಾಡುತ್ತೀರಿ, ಎಷ್ಟು ದಿನ. ಥಾಯ್ ಕಂಪನಿಗೆ ಕೆಲಸ ಮಾಡಲು ಡಿಟಿವಿ ಅನುಮತಿ ಕೊಡುವುದಿಲ್ಲ, ಅದರಿಂದ ‘ಕೆಲಸ’ ಎಂಬ ಪದವನ್ನು ಬಿಡಿಸಿ ಹೇಳಿ: ಹೊರದೇಶದ ಕಂಪನಿಗೆ, ಆನ್‌ಲೈನಿನಲ್ಲಿ.

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಪಕ್ಕಕ್ಕೆ ಸರಿದು ಠಸ್ಸೆ ಓದಿ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಒಂದು ಗಡಿ ಠಾಣೆಯಲ್ಲಿ ಪ್ರತಿ ಕೊಡಲು ಮರೆತಿದ್ದೆ. ಸ್ಟಿಕ್ಕರ್ ಇಲ್ಲದ ಭಾರತದ ಪಾಸ್‌ಪೋರ್ಟ್ ಕಂಡ ಅಧಿಕಾರಿ, ವೀಸಾ ವಿನಾಯಿತಿಯವನೆಂದು ತಿಳಿದು 60 ದಿನ ಒತ್ತಿ ಕೊಟ್ಟರು. ನಾನು ನೋಡದೆ ಜೇಬಿಗೆ ಹಾಕಿಕೊಂಡೆ. ಹೊರಗೆ ಸೀಬೆಹಣ್ಣು ಮಾರುವವಳ ಗಾಡಿಯ ಪಕ್ಕ ನಿಂತು, ಉಪ್ಪು ಖಾರ ಹಚ್ಚಿದ ಹೋಳು ತಿನ್ನುತ್ತಾ, ಫ್ರಿಜ್ಜಿನ ಚೀಟಿಗಾಗಿ ತಾರೀಕು ಗುರುತು ಹಾಕಿಕೊಳ್ಳೋಣವೆಂದು ತೆರೆದರೆ ನಾಲ್ಕು ತಿಂಗಳು ಮಾಯ. ಹೋಳನ್ನು ಅಲ್ಲೇ ಬಿಟ್ಟು ಓಡಿದೆ. ಸರದಿ ಇನ್ನೂ ಕರಗಿರಲಿಲ್ಲ, ಅದೇ ಅಧಿಕಾರಿ ಅದೇ ಕುರ್ಚಿಯಲ್ಲಿದ್ದರು. ವೀಸಾದ ಹಾಳೆ ತೋರಿಸಿದೆ. ಅವರು ಒಂದು ಮಾತನ್ನೂ ಆಡದೆ ಹಳೆಯ ಠಸ್ಸೆಯ ಮೇಲೆ ರದ್ದು ಎಂದು ಒತ್ತಿ, ಪಕ್ಕದಲ್ಲಿ ಹೊಸದನ್ನು ಹಾಕಿ, ತಾರೀಕಿನ ಮೇಲೆ ಪೆನ್ನಿನಿಂದ ಸುತ್ತು ಬರೆದು ನನ್ನ ಮುಖ ನೋಡಿದರು. ಚಿಯಾಂಗ್ ಮಾಯ್‌ಗೆ ಬಂದ ಮೇಲೆ ನೋಡಿದ್ದರೆ ಮತ್ತೆ ಅಷ್ಟು ದೂರ ಹೋಗುವುದೋ, ಕಚೇರಿಯಿಂದ ಕಚೇರಿಗೆ ಅಲೆಯುವುದೋ ಆಗುತ್ತಿತ್ತು.

ಒಳಗೆ ಬಿಡದಿದ್ದರೆ

ವಾದ ಮಾಡಬೇಡಿ, ದನಿ ಏರಿಸಬೇಡಿ. ಇಲ್ಲಿ ಸಿಟ್ಟು ತೋರಿಸಿದವನ ಕೆಲಸ ಆಗುವುದೇ ಇಲ್ಲ. ಕಾರಣವನ್ನು ಕೇಳಿ ತಿಳಿದುಕೊಳ್ಳಿ, ಕಾಗದವೊಂದು ಸಾಲದು ಎಂದಾದರೆ ಕೊಡಿ. ಆಗಲೂ ಇಲ್ಲವೆಂದರೆ ಆಚೆ ದೇಶಕ್ಕೆ ಮರಳಬೇಕಾಗುತ್ತದೆ. ಲಾವೋಸಿನಲ್ಲಿ ನಿಮ್ಮ ಒಂದು ಪ್ರವೇಶದ ವೀಸಾ ಮುಗಿದಿದ್ದರೆ ಇನ್ನೊಂದಕ್ಕೆ ಹಣ ಬೇಕು, ಆ ಡಾಲರ್ ನೋಟುಗಳು ಚೀಲದ ತಳದಲ್ಲಿರಲಿ. ಅಲ್ಲಿ ಹೋಟೆಲ್ ಹಿಡಿದು ಥಾಯ್ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಅರ್ಜಿ ಹಾಕುವಾಗ ನೀವು ಆ ರಾಯಭಾರ ಕಚೇರಿಯ ವ್ಯಾಪ್ತಿಯ ದೇಶದಲ್ಲಿಯೇ ಇರಬೇಕು ಎಂಬುದು ನಿಯಮ. ಚಿಯಾಂಗ್ ಮಾಯ್‌ನಲ್ಲಿ ಕುಳಿತು ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ಗೆ ಅರ್ಜಿ ಹಾಕುವ ಜಾಣತನ ನಡೆಯುವುದಿಲ್ಲ. ಕೆಲಸಕ್ಕೆ ಬೇಕಾದ ಲ್ಯಾಪ್‌ಟಾಪ್, ಒಂದು ವಾರದ ಔಷಧಿ ಯಾವಾಗಲೂ ಜೊತೆಯಲ್ಲಿರಬೇಕು ಎನ್ನುವುದು ಇದಕ್ಕೇ. ಎರಡು ದಿನಕ್ಕೆಂದು ಹೋದವರು ಹತ್ತು ದಿನ ಉಳಿದದ್ದುಂಟು.

ಮನೆಗೆ ಬಂದ ಮೇಲೆ

ಮಾಲೀಕರಿಗೆ ಹೊಸ ಠಸ್ಸೆಯ ಫೋಟೊ ಕಳಿಸಿ ಟಿಎಂ 30 ದಾಖಲಿಸಲು ಹೇಳಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ತಿಳಿಸುವುದು ಅವರ ಹೊಣೆ, ಆದರೆ ರಸೀದಿ ಇಲ್ಲದೆ ಕಚೇರಿಯಲ್ಲಿ ನಿಲ್ಲಬೇಕಾದವರು ನಾವು. ನಮ್ಮ ಮಾಲೀಕರು ಎಪ್ಪತ್ತು ದಾಟಿದ ಅಜ್ಜಿ. ಪ್ರತಿ ಸಲ ಪೆನಾಂಗಿನಿಂದ ಒಂದು ಡಬ್ಬಿ ಬಿಸ್ಕತ್ತು ಒಯ್ದು ಕೊಡುತ್ತೇನೆ, ಸಂಜೆಯೊಳಗೆ ಅವರ ಮೊಮ್ಮಗಳು ಆನ್‌ಲೈನಿನಲ್ಲಿ ತುಂಬಿ ಮುಗಿಸಿರುತ್ತಾಳೆ.

ಸತತ 90 ದಿನಕ್ಕಿಂತ ಹೆಚ್ಚು ಇರುವವರು ಇಮಿಗ್ರೇಷನ್‌ಗೆ ವಿಳಾಸ ವರದಿ ಮಾಡಬೇಕು. ಆ ಎಣಿಕೆ ಪ್ರತಿ ಪ್ರವೇಶದಿಂದ ಹೊಸದಾಗಿ ಶುರುವಾಗುತ್ತದೆ. ಹಾಗೆಂದು ತೆರಿಗೆಯ ಎಣಿಕೆಯೂ ಅಳಿಸಿಹೋಗುತ್ತದೆ ಎಂದುಕೊಳ್ಳಬೇಡಿ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಇಲ್ಲಿದ್ದರೆ, ನಡುವೆ ಎಷ್ಟು ಸಲ ಗಡಿ ದಾಟಿ ಬಂದಿದ್ದರೂ, ಥಾಯ್ ತೆರಿಗೆ ಕಾನೂನಿನ ಕಣ್ಣಿಗೆ ನೀವು ನಿವಾಸಿ. ಊರಿನ ಲೆಕ್ಕ ಪರಿಶೋಧಕರಿಗೂ ಈ ತಾರೀಕುಗಳನ್ನು ಕೊಡಬೇಕಾಗುತ್ತದೆ. ಠಸ್ಸೆಯಿರುವ ಪ್ರತಿ ಪುಟದ ಫೋಟೊ ತೆಗೆದು ಒಂದೇ ಕಡೆ ಇಟ್ಟಿರಿ.

ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆಯುವ ತಾರೀಕು ಠಸ್ಸೆಯದ್ದಲ್ಲ. ಅದಕ್ಕಿಂತ ಮೂರು ದಿನ ಹಿಂದಿನದು.